ಗಾಜಿನೊಳಗೆ ಕಡಲನ್ನಿಟ್ಟ ಫಿಲಿಪ್ ಗಾಸ್

ಮಕ್ಕಳೇ, ಕಡಲ ನೀರನ್ನು ಒಂದು ಬಕೆಟ್ಟಿನಲ್ಲಿ ತುಂಬಿ, ಅದರಲ್ಲೊಂದು ಪುಟ್ಟ ಮೀನನ್ನು ಬಿಟ್ಟು ಮನೆಗೆ ತಂದರೆ ಏನಾಗುತ್ತದೆ? ಕರಾವಳಿಯಲ್ಲಿ ಬೆಳೆದವರಿಗೆ ಉತ್ತರ ಗೊತ್ತು. ಮೊದಲ ದಿನ ಮೀನು ಚುರುಕಾಗಿ ಓಡಾಡುತ್ತದೆ. ಮರುದಿನ ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುತ್ತದೆ. ಮೂರನೆಯ ದಿನದ ಹೊತ್ತಿಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತದೆ, ನೀರು ನಾರುತ್ತಿರುತ್ತದೆ. ನೀರು ಅದೇ ಕಡಲಿನದು, ಉಪ್ಪೂ ಅದೇ. ಹಾಗಾದರೆ ಮೀನು ಸತ್ತದ್ದೇಕೆ?

ಸುಮಾರು 170 ವರ್ಷಗಳ ಹಿಂದೆ ಇಂಥದೇ ಪ್ರಶ್ನೆಯ ಬೆನ್ನು ಹತ್ತಿದವನು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಕಡಲ ತೀರದ ಒಂದು ತುಣುಕನ್ನು ಮನೆಯ ಮೇಜಿನ ಮೇಲೆ ಜೀವಂತವಾಗಿ ಇಟ್ಟುಕೊಳ್ಳುವುದು ಹೇಗೆಂದು ಆತ ಜನರಿಗೆ ತೋರಿಸಿಕೊಟ್ಟ. ನಾವಿಂದು ಬಳಸುವ ಅಕ್ವೇರಿಯಂ ಎಂಬ ಹೆಸರು ಮನೆಮಾತಾದದ್ದೂ ಅವನಿಂದಲೇ. ಅದರಿಂದ ಅವನಿಗೆ ಕೀರ್ತಿ ಬಂತು. ಮುಂದೆ ಅದರಿಂದಲೇ ದೊಡ್ಡ ನೋವೂ ಬಂತು.

ಅತ್ತೆ ಹೇಳಿದ ಉಪಾಯ

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ಎಂಬ ಊರಿನಲ್ಲಿ. ತಂದೆ ಚಿತ್ರಕಾರ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಭಾವಚಿತ್ರಗಳನ್ನು ಬರೆಯುತ್ತ, ಗಿರಾಕಿಗಳನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದರು. ಸಂಪಾದನೆ ಅಷ್ಟಕ್ಕಷ್ಟೆ. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಮನೆಯವರು ಪೂಲ್ ಎಂಬ ಬಂದರು ಊರಿಗೆ ಬಂದು ನೆಲೆಸಿದರು. ಹಡಗುಗಳು, ಮೀನಿನ ಬುಟ್ಟಿಗಳು, ಇಳಿತದ ಹೊತ್ತಿಗೆ ನೀರು ಸರಿದು ಬಯಲಾಗುವ ಕೆಸರು, ಕಲ್ಲುಗಳು, ಇವೇ ಫಿಲಿಪ್‌ನ ಆಟದ ಬಯಲಾದವು.

ಅವನಿಗೊಬ್ಬ ಸೋದರತ್ತೆ ಇದ್ದರು, ಹೆಸರು ಸೂಸನ್ ಬೆಲ್. ಗಿಡ, ಹುಳು, ಚಿಟ್ಟೆಗಳ ಬಗ್ಗೆ ಚೆನ್ನಾಗಿ ತಿಳಿದವರು. ಬಂದರಿನ ಕಟ್ಟೆಯ ಕಲ್ಲುಗಳಿಗೆ ಅಂಟಿಕೊಂಡಿರುತ್ತಿದ್ದ ಮೆತ್ತನೆಯ ಕೆಂಪು ಉಂಡೆಗಳನ್ನು ಹುಡುಗ ಅವರಿಗೆ ತೋರಿಸಿದ. ಅವು ಕಡಲ ಅನಿಮೋನ್‌ಗಳು. ನೀರಿಲ್ಲದಾಗ ಮುದುಡಿ ಕುಳಿತು, ನೀರು ಬಂದೊಡನೆ ಹೂವಿನಂತೆ ಅರಳುತ್ತವೆ. ಆದರೆ ಅವು ಹೂಗಳಲ್ಲ, ಪ್ರಾಣಿಗಳು. ಎಸಳಿನಂತೆ ಕಾಣುವುದು ಅವುಗಳ ಗ್ರಹಣಾಂಗ. ಅದರ ತುಂಬ ಕುಟುಕುವ ಕೋಶಗಳಿರುತ್ತವೆ. ಹತ್ತಿರ ಸುಳಿದ ಸೀಗಡಿ ಮರಿಯನ್ನು ಕುಟುಕಿ, ಹಿಡಿದು, ನಡುವೆ ಇರುವ ಬಾಯಿಗೆ ನೂಕುತ್ತವೆ. ಹವಳದ ಜೀವಿಗಳು ಇವುಗಳ ಹತ್ತಿರದ ಬಂಧುಗಳೇ. ಹವಳ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ, ಅನಿಮೋನ್ ಕಟ್ಟುವುದಿಲ್ಲ.

ಅತ್ತೆ ಅದರ ಹೆಸರು ಹೇಳಿಕೊಟ್ಟು ಸುಮ್ಮನಾಗಲಿಲ್ಲ. ಒಂದು ಪಾತ್ರೆಯಲ್ಲಿ ಹೊಸ ಕಡಲ ನೀರು ತುಂಬಿ ಅದರಲ್ಲಿಟ್ಟರೆ ಕೆಲ ಕಾಲ ಜೀವಂತವಾಗಿರುತ್ತದೆ, ಇಟ್ಟು ನೋಡು ಎಂದು ಉಪಾಯವನ್ನೂ ಹೇಳಿದರು. ಈ ಅತ್ತೆಯ ಮಗ ಥಾಮಸ್ ಬೆಲ್ ಮುಂದೆ ಹೆಸರಾಂತ ಪ್ರಾಣಿವಿಜ್ಞಾನಿಯಾದ. ಎರಡೂ ಹುಡುಗರ ಆಸಕ್ತಿಯ ಬೇರು ಒಂದೇ ಮನೆಯಲ್ಲಿತ್ತು ಎನ್ನಿ.

ಗುಮಾಸ್ತ, ರೈತ, ಮೇಷ್ಟರು

ಬಡತನದಿಂದಾಗಿ ಓದು ಬೇಗ ನಿಂತಿತು. 15ನೆಯ ವಯಸ್ಸಿಗೆ ಫಿಲಿಪ್ ಪೂಲ್‌ನ ಒಂದು ವ್ಯಾಪಾರದ ಮನೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾದ. 17ನೆಯ ವಯಸ್ಸಿಗೆ, ಅಂದರೆ 1827ರಲ್ಲಿ, ಹಡಗು ಹತ್ತಿ ಅಟ್ಲಾಂಟಿಕ್ ಸಾಗರದ ಆಚೆಯ ನ್ಯೂಫೌಂಡ್‌ಲ್ಯಾಂಡಿಗೆ ಹೋದ. ಈಗ ಕೆನಡಾ ದೇಶಕ್ಕೆ ಸೇರಿರುವ ಈ ದ್ವೀಪದಲ್ಲಿ ಚಳಿಯೆಂದರೆ ಚಳಿ. ಅಲ್ಲಿ ಮೀನು ಮತ್ತು ಸೀಲ್ ಚರ್ಮದ ವ್ಯಾಪಾರಿಗಳ ಕಚೇರಿಯಲ್ಲಿ ಎಂಟು ವರ್ಷ ಲೆಕ್ಕ ಬರೆದ.

1832ರಲ್ಲಿ ಸೂಕ್ಷ್ಮದರ್ಶಕದ ಬಗೆಗಿನ ಒಂದು ಹಳೆಯ ಪುಸ್ತಕ ಅವನ ಕೈಗೆ ಸಿಕ್ಕಿತು. ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಕೀಟ ಹಿಡಿಯುವುದು, ನೋಡುವುದು, ಚಿತ್ರ ಬರೆಯುವುದು ನಡೆಯಿತು. ತಂದೆ ಚಿಕ್ಕ ಚಿತ್ರಗಳಿಗೆ ಬಣ್ಣ ಹಾಕುತ್ತಿದ್ದ ಕುಸುರಿಯನ್ನು ಕಂಡೇ ಬೆಳೆದವನಲ್ಲವೇ? ಆ ದ್ವೀಪದ ಕೀಟಗಳ ಚಿತ್ರಗಳಿಂದ ಇಡೀ ಒಂದು ಪುಸ್ತಕ ತುಂಬಿತು. ಆದರೆ ಅದು ಅಚ್ಚಾಗಲಿಲ್ಲ.

ಆಮೇಲೆ ಕೆನಡಾದಲ್ಲಿ ಗೆಳೆಯರ ಜೊತೆ ಸೇರಿ ಬೇಸಾಯಕ್ಕೆ ಕೈ ಹಾಕಿದ. ಹೊಲ ಕೈಕೊಟ್ಟಿತು. ಹೊಲದ ಸುತ್ತ ಇದ್ದ ಚಿಟ್ಟೆಗಳ ಟಿಪ್ಪಣಿ ಮಾತ್ರ ಬೆಳೆಯಿತು! 1838ರಲ್ಲಿ ಅಮೆರಿಕದ ಅಲಬಾಮಾಕ್ಕೆ ಹೋಗಿ ಕೆಲವು ತಿಂಗಳು ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟರಾದ. ಅಲ್ಲಿನ ಹತ್ತಿ ತೋಟಗಳಲ್ಲಿ ಆಫ್ರಿಕಾ ಮೂಲದ ಜನರನ್ನು ಗುಲಾಮರಾಗಿ ದುಡಿಸುತ್ತಿದ್ದುದನ್ನು ಕಂಡು ಅವನಿಗೆ ಸಹಿಸಲಾಗಲಿಲ್ಲ. 1839ರಲ್ಲಿ ಊರಿಗೆ ಹೊರಟ. ಹಡಗಿನಲ್ಲಿ ಕುಳಿತೇ ಕೆನಡಾದ ಜೀವಿಗಳ ಬಗ್ಗೆ ಪುಸ್ತಕ ಬರೆದ.

ಲಂಡನ್ನಿಗೆ ಬಂದಾಗ ಅವನ ಜೇಬು ಖಾಲಿ. ಒಬ್ಬ ಪ್ರಕಾಶಕರು ಹಸ್ತಪ್ರತಿ ಓದಿ 100 ಗಿನಿ ಕೊಡಲು ಒಪ್ಪಿದಾಗ ಗಾಸ್ ಅಲ್ಲೇ ಅತ್ತುಬಿಟ್ಟನಂತೆ. 1840ರಲ್ಲಿ ಆ ಪುಸ್ತಕ ಬಂತು. ಅಲ್ಲಿಂದ ಮುಂದೆ ಪುಸ್ತಕ ಬರೆಯುವುದೇ ಅವನ ಕಸುಬಾಯಿತು.

1844ರಿಂದ 1846ರವರೆಗೆ ಗಾಸ್ ಜಮೈಕಾ ದ್ವೀಪದಲ್ಲಿದ್ದು ಹಕ್ಕಿ, ಕೀಟ, ಸಸ್ಯಗಳನ್ನು ಸಂಗ್ರಹಿಸಿದ. ಅಲ್ಲಿ ಅವನ ಬಲಗೈಯಾಗಿದ್ದವನು ಸ್ಯಾಮ್ಯುಯೆಲ್ ಕ್ಯಾಂಬೆಲ್ ಎಂಬ ಸ್ಥಳೀಯ ಯುವಕ. ಹಕ್ಕಿಗಳ ಗೂಡು ಎಲ್ಲಿ, ಕೂಗು ಯಾವುದು ಎಂಬುದೆಲ್ಲ ಅವನಿಗೆ ಸಲೀಸು. ಅಂಥವರ ಹೆಸರನ್ನು ಬಿಟ್ಟುಬಿಡುವ ಲೇಖಕರೇ ಹೆಚ್ಚಾಗಿದ್ದ ಕಾಲದಲ್ಲಿ ಗಾಸ್ ತನ್ನ ಪುಸ್ತಕದಲ್ಲಿ ಅವನ ಹೆಸರನ್ನು ಮರೆಯದೆ ಬರೆದ. ಇದು ನನಗೆ ಇಷ್ಟವಾದ ಸಂಗತಿ.

1848ರಲ್ಲಿ ಎಮಿಲಿಯೊಂದಿಗೆ ಮದುವೆಯಾಯಿತು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದ. ಅದೇ ದಿನ ಜಮೈಕಾದಿಂದ ಒಂದು ಹಸಿರು ಕವಲುತೋಕೆಯ ಹಕ್ಕಿ ಬಂದು ತಲುಪಿತ್ತು. ಗಾಸ್ ತನ್ನ ದಿನಚರಿಯಲ್ಲಿ ಮಗ ಹುಟ್ಟಿದ್ದನ್ನೂ ಹಕ್ಕಿ ಬಂದದ್ದನ್ನೂ ಒಟ್ಟಿಗೇ ಬರೆದಿಟ್ಟ!

ಜಾಡಿಯಲ್ಲಿ ಕಡಲು

ಹಗಲಿರುಳು ಬರೆದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಗಾಸ್‌ನ ಆರೋಗ್ಯ ಕೆಟ್ಟಿತು. 1852ರಲ್ಲಿ ಹೆಂಡತಿ, ಮಗನೊಂದಿಗೆ ಇಂಗ್ಲೆಂಡಿನ ನೈರುತ್ಯಕ್ಕಿರುವ ಡೆವನ್ ಕರಾವಳಿಗೆ ಹೋದ. ಅಲ್ಲಿ ಬಂಡೆಗಳ ನಡುವೆ ಗುಂಡಿಗಳಿದ್ದವು. ಸಮುದ್ರ ಇಳಿದಾಗಲೂ ಈ ಗುಂಡಿಗಳಲ್ಲಿ ತಿಳಿನೀರು ನಿಂತಿರುತ್ತಿತ್ತು. ಒಳಗೆ ಅನಿಮೋನ್, ಸೀಗಡಿ, ಏಡಿ, ಪುಟ್ಟ ಮೀನು, ಕೆಂಪು ಹಸಿರು ಕಡಲಕಳೆಗಳು. ಗಾಸ್ ಮಂಡಿಯೂರಿ ಕುಳಿತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ.

ಬಂಡೆಗುಂಡಿಯಲ್ಲಿ ನೀರು ಕೆಡುವುದಿಲ್ಲ, ಬಕೆಟ್ಟಿನಲ್ಲಿ ಮಾತ್ರ ಏಕೆ ಕೆಡುತ್ತದೆ? ಗುಂಡಿಗೆ ದಿನಕ್ಕೆರಡು ಸಲ ಉಬ್ಬರದ ಹೊಸ ನೀರು ಬರುತ್ತದೆ, ಅದು ಒಂದು ಕಾರಣ. ಇನ್ನೊಂದು ಕಾರಣ ಕಡಲಕಳೆ. ನಿಮ್ಮ ಪಾಠದಲ್ಲಿ ಓದಿದ್ದೀರಿ: ಪ್ರಾಣಿಗಳು ಆಮ್ಲಜನಕ ಸೇವಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬಿಸಿಲಿನಲ್ಲಿ ಸಸ್ಯಗಳು ಇಂಗಾಲದ ಡೈಆಕ್ಸೈಡ್ ಬಳಸಿ ಆಮ್ಲಜನಕ ಬಿಡುತ್ತವೆ. ಇವೆರಡೂ ಒಂದೇ ಪಾತ್ರೆಯಲ್ಲಿ ಸರಿಯಾದ ಪ್ರಮಾಣದಲ್ಲಿದ್ದರೆ ನೀರು ಬದಲಿಸದೆಯೇ ಬದುಕು ಸಾಗಬೇಕಲ್ಲವೇ?

ಈ ಯೋಚನೆ ಗಾಸ್‌ನೊಬ್ಬನದೇ ಆಗಿರಲಿಲ್ಲ. ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನ ವಿಜ್ಞಾನಿ 1850ರಲ್ಲೇ ಸಿಹಿನೀರಿನ ತೊಟ್ಟಿಯಲ್ಲಿ ಮೀನು, ನೀರುಸಸ್ಯ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಸಾಕಿ ವರದಿ ಬರೆದಿದ್ದ. ಆನಾ ಥಿನ್ ಎಂಬ ಮಹಿಳೆ 1846ರಲ್ಲೇ ಕಡಲ ತೀರದಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು ಉಳಿಸಿಕೊಂಡಿದ್ದರು. ನೀರಿಗೆ ಗಾಳಿ ಬೆರೆಯಲೆಂದು ಅವರ ಮನೆಯ ಕೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಎತ್ತಿ ಎತ್ತಿ ಸುರಿಯುತ್ತಿದ್ದಳು. ಚಹಾ ಆರಿಸಿದಂತೆ! ಆ ಕೆಲಸದಾಕೆಯ ತೋಳುಗಳು ಎಷ್ಟು ನೋಯುತ್ತಿದ್ದವೋ. ಥಿನ್ ಅವರ ಟಿಪ್ಪಣಿಗಳು ಅಚ್ಚಾದದ್ದು 1859ರಲ್ಲಿ. ಹಾಗಾಗಿ ಅವರ ಹೆಸರು ಹೆಚ್ಚು ಜನರಿಗೆ ತಿಳಿಯಲಿಲ್ಲ.

ಗಾಸ್ ಡೆವನ್‌ನಲ್ಲಿ ಗಾಜಿನ ಜಾಡಿಗಳನ್ನಿಟ್ಟು ಪ್ರಯೋಗ ಶುರು ಮಾಡಿದ. ಹಲವು ಸಲ ಸೋತ. ಯಾವ ಕಡಲಕಳೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಒಂದೊಂದನ್ನೇ ಪರೀಕ್ಷಿಸಿದ. ದೊಡ್ಡ ಕಂದು ಕಳೆಗಳು ಬೇಗ ಕೊಳೆತು ಲೋಳೆ ಬಿಟ್ಟು ನೀರು ಕೆಡಿಸುತ್ತಿದ್ದವು. ತೆಳ್ಳಗಿನ ಹಸಿರು ಕಳೆಗಳು ಚೆನ್ನಾಗಿ ಬಾಳಿದವು. ಕಳೆಯನ್ನು ಕಿತ್ತು ತಂದರೆ ಉಳಿಯುವುದಿಲ್ಲ ಎಂಬುದೂ ತಿಳಿಯಿತು. ಕಡಲಕಳೆಗೆ ನಮ್ಮ ಗಿಡಗಳಂತೆ ಬೇರಿಲ್ಲ. ಅದು ಬಂಡೆಗೆ ಅಂಟಿಕೊಂಡಿರುತ್ತದೆ ಅಷ್ಟೆ. ಆದ್ದರಿಂದ ಸುತ್ತಿಗೆ, ಉಳಿ ಹಿಡಿದು, ಅದು ಅಂಟಿರುವ ಕಲ್ಲಿನ ಚೂರನ್ನೇ ಒಡೆದು ತರಬೇಕು. ಈ ಸುತ್ತಿಗೆ, ಉಳಿಯನ್ನು ನೆನಪಿಟ್ಟುಕೊಳ್ಳಿ. ಕಥೆಯಲ್ಲಿ ಅವು ಮತ್ತೆ ಬರುತ್ತವೆ.

ಬಿಸಿಲು ಕಡಿಮೆಯಾದರೆ ಕಳೆ ಸಾಯುತ್ತದೆ. ಹೆಚ್ಚಾದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಬೆಳೆದು ನೀರು ಹಸಿರಾಗುತ್ತದೆ, ಗಾಜಿನ ಮೇಲೆ ಪರದೆ ಕಟ್ಟುತ್ತದೆ. ಆ ಪಾಚಿ ತಿನ್ನಲು ಕಡಲ ಬಸವನಹುಳುಗಳನ್ನು ಬಿಡಬೇಕು. ಸತ್ತ ಪ್ರಾಣಿಯನ್ನು ಒಡನೆಯೇ ತೆಗೆಯಬೇಕು. ಒಂದು ಸೀಗಡಿ ಕಲ್ಲಿನ ಹಿಂದೆ ಸತ್ತು ಬಿದ್ದಿದ್ದರೂ ಸಾಕು, ಎರಡು ದಿನದಲ್ಲಿ ಇಡೀ ಜಾಡಿ ಹಾಳು.

ಡೆವನ್ ತೀರದಲ್ಲಿ ಒಂಟಿಯಾಗಿ ಬೆಳೆಯುವ ಪುಟ್ಟ ಬಟ್ಟಲಿನಂಥ ಹವಳವೊಂದಿದೆ. ಅದನ್ನೂ ಗಾಸ್ ಸಾಕಿದ. ಚಿಪ್ಪುಮೀನಿನ ಚೂರನ್ನು ಅದರ ಗ್ರಹಣಾಂಗಗಳ ಮೇಲಿಟ್ಟು, ಅದು ನಿಧಾನವಾಗಿ ನುಂಗುವುದನ್ನು ನೋಡಿ ಬರೆದಿಟ್ಟ. ಕುತೂಹಲ ಎಷ್ಟಿತ್ತೆಂದರೆ, ಅನಿಮೋನ್‌ಗಳನ್ನು ಬೇಯಿಸಿ ತಿಂದೂ ನೋಡಿದ! ನೀವು ಆ ಪ್ರಯೋಗಕ್ಕೆ ಹೋಗಬೇಡಿ.

ಅವನಿಗೆ ತಿಳಿಯದೆ ಉಳಿದದ್ದು

ಇಲ್ಲಿ ಒಂದು ನಿಮಿಷ ನಿಲ್ಲೋಣ. ಸಸ್ಯ ಬಿಡುವ ಆಮ್ಲಜನಕವೇ ತೊಟ್ಟಿಯನ್ನು ಕಾಯುತ್ತದೆ ಎಂದು ಗಾಸ್ ನಂಬಿದ್ದ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಪ್ರಾಣಿಗಳ ಮಲಮೂತ್ರದಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ವಿಷ. ನಮ್ಮ ಬಕೆಟ್ಟಿನ ಮೀನನ್ನು ಕೊಂದದ್ದು ಆಮ್ಲಜನಕದ ಕೊರತೆ ಮತ್ತು ಈ ಅಮೋನಿಯಾ, ಎರಡೂ ಸೇರಿ.

ಹಾಗಾದರೆ ಬಂಡೆಗುಂಡಿಯಲ್ಲಿ ಅಮೋನಿಯಾ ಏನಾಗುತ್ತದೆ? ಕಲ್ಲು, ಮರಳುಗಳ ಮೇಲೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಸುತ್ತವೆ. ಇದು ಅಷ್ಟು ಅಪಾಯಕಾರಿಯಲ್ಲ, ಸಸ್ಯಗಳಿಗೆ ಗೊಬ್ಬರವೂ ಹೌದು. ನಿಮ್ಮ ಹೊಲದ ಮಣ್ಣಿನಲ್ಲೂ ಇದೇ ಕೆಲಸ ನಡೆಯುತ್ತಿರುತ್ತದೆ. ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ಗಾಸ್ ಆಗ ಬದುಕಿರಲಿಲ್ಲ. ಕಳೆಯ ಜೊತೆ ಅವನು ಒಡೆದು ತಂದ ಕಲ್ಲಿನ ಚೂರುಗಳಲ್ಲೇ ಈ ಕಾಣದ ಕೆಲಸಗಾರರು ಸಾಲಾಗಿ ಬಂದು ಕುಳಿತಿದ್ದರು, ಪಾಪ, ಅವನಿಗದು ಗೊತ್ತೇ ಆಗಲಿಲ್ಲ!

ಇಂದು ಮೇಜಿನ ಮೇಲೆ ಇಡುವಷ್ಟು ಪುಟ್ಟ ತೊಟ್ಟಿಯಲ್ಲಿ ಹವಳ ಸಾಕುವವರು ಮೊದಲು ಮಾಡುವ ಕೆಲಸವೇ ಈ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದು. ಉಪ್ಪುನೀರು ತುಂಬಿ, ಮರಳು ಹಾಸಿ, ತೂತು ತೂತಾದ ಕಲ್ಲು ಜೋಡಿಸಿ, ಪ್ರಾಣಿಗಳನ್ನು ಬಿಡದೆ ಹಲವು ವಾರ ಹಾಗೇ ಕಾಯುತ್ತಾರೆ. ಅಮೋನಿಯಾ, ನೈಟ್ರೈಟ್ ಎರಡೂ ಇಲ್ಲವಾದವೆಂದು ಪರೀಕ್ಷೆಯಿಂದ ತಿಳಿದ ಮೇಲೆಯೇ ಒಂದೊಂದಾಗಿ ಜೀವಿಗಳ ಪ್ರವೇಶ. ನೋಡುವವರಿಗೆ ಬೇಸರ ತರಿಸುವ ಕಾಯುವಿಕೆ ಇದು. ಆದರೆ ಅವಸರ ಮಾಡಿದವರ ತೊಟ್ಟಿ ನಮ್ಮ ಬಕೆಟ್ಟಿನ ದಾರಿಯನ್ನೇ ಹಿಡಿಯುತ್ತದೆ. ತೊಟ್ಟಿ ಚಿಕ್ಕದಾದಷ್ಟೂ ಸಾಕುವುದು ಸುಲಭ ಎಂದು ನಿಮಗೆ ಅನ್ನಿಸಬಹುದು. ಇದು ತಿರುಗುಮುರುಗು. ಬಾವಿಗೆ ಒಂದು ಚಮಚ ಉಪ್ಪು ಬಿದ್ದರೆ ತಿಳಿಯುವುದಿಲ್ಲ, ಲೋಟಕ್ಕೆ ಬಿದ್ದರೆ ಕುಡಿಯಲಾಗುವುದಿಲ್ಲ. ಹಾಗೆಯೇ ಚಿಕ್ಕ ತೊಟ್ಟಿಯಲ್ಲಿ ಬಿಸಿ, ಉಪ್ಪು, ಕೊಳೆ ಎಲ್ಲವೂ ಬೇಗ ಏರುಪೇರಾಗುತ್ತವೆ. ಬೆಚ್ಚಗಿನ ಕಡಲ ಹವಳಗಳಿಗೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ಬೇಕು. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳಿದ್ದು, ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ನೀರು ತೀರ ಬಿಸಿಯಾದರೆ ಹವಳ ಈ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಗಾಸ್ ಸಾಕಿದ ಡೆವನ್ ಹವಳ ತಣ್ಣೀರಿನದು. ಅದರಲ್ಲಿ ಇಂಥ ಪಾಚಿ ಇಲ್ಲ, ಹಿಡಿದು ತಿನ್ನುವುದೇ ಅದರ ಬಾಳು.

ಮನೆಯಲ್ಲೇ ಮಾಡಿದ ಕಡಲ ನೀರು

1853ರ ಮೇ ತಿಂಗಳಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಗಾಜಿನ ತೊಟ್ಟಿಗಳ ಮೀನುಮನೆ ಜನರಿಗಾಗಿ ತೆರೆಯಿತು. ಅದಕ್ಕೆ ಕಡಲ ಜೀವಿಗಳನ್ನು ಸಂಗ್ರಹಿಸಿ ಕಳಿಸಿದವರಲ್ಲಿ ಗಾಸ್ ಮುಖ್ಯನಾದವನು. ಅಲ್ಲಿಯವರೆಗೆ ಕಡಲ ಜೀವಿಯೆಂದರೆ ಒಣಗಿದ ಚಿಪ್ಪು ಅಥವಾ ಸೀಸೆಯಲ್ಲಿಟ್ಟ ಹೆಣ. ಈಗ ಸೀಗಡಿ ಕಾಲಾಡಿಸುವುದನ್ನು, ಅನಿಮೋನ್ ಅರಳುವುದನ್ನು ಜನ ಕಣ್ಣಾರೆ ಕಂಡರು. ಮುಗಿಬಿದ್ದು ನೋಡಿದರು.

1854ರಲ್ಲಿ ಗಾಸ್ ಬರೆದ ಪುಸ್ತಕದ ಹೆಸರೇ ಅಕ್ವೇರಿಯಂ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ದನಕರುಗಳು ನೀರು ಕುಡಿಯುವ ತಾಣ ಎಂಬ ಅರ್ಥವಿತ್ತು. ಸಸ್ಯವಿಜ್ಞಾನಿಗಳು ನೀರುಗಿಡ ಬೆಳೆಸುವ ತೊಟ್ಟಿಗೆ ಅದನ್ನು ಬಳಸುತ್ತಿದ್ದರು. ಗಾಸ್ ಅದನ್ನು ಪ್ರಾಣಿ, ಸಸ್ಯ ಎರಡೂ ಇರುವ ತೊಟ್ಟಿಗೆ ಇಟ್ಟ. ಪುಸ್ತಕದಲ್ಲಿ ಅವನೇ ಬರೆದ ಬಣ್ಣದ ಚಿತ್ರಗಳಿದ್ದವು. ಕಡಲೊಳಗಿನ ಆ ಬಣ್ಣಗಳನ್ನು ಜನ ಹಿಂದೆ ಕಂಡಿರಲಿಲ್ಲ.

ಒಂದು ತೊಂದರೆ ಇತ್ತು. ಕಡಲಿನಿಂದ ದೂರ ಇರುವವರು ಕಡಲ ನೀರಿಗೆ ಏನು ಮಾಡಬೇಕು? ಪೀಪಾಯಿಗಳಲ್ಲಿ ತರಿಸಲು ಬಹಳ ಖರ್ಚು. ರಸಾಯನ ವಿಜ್ಞಾನಿಗಳು ಕಡಲ ನೀರಿನಲ್ಲಿ ಯಾವ ಯಾವ ಲವಣಗಳಿವೆಯೆಂದು ಅಳೆದಿದ್ದರು. ಗಾಸ್ ಆ ಪಟ್ಟಿಯನ್ನು ಹಿಡಿದು, ಅತಿ ಕಡಿಮೆ ಇದ್ದ ಕೆಲವನ್ನು ಬಿಟ್ಟು, ನಾಲ್ಕನ್ನು ಆರಿಸಿದ: ಅಡುಗೆ ಉಪ್ಪು, ಮೆಗ್ನೀಸಿಯಂ ಸಲ್ಫೇಟ್, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್. ಇವನ್ನು ಲಂಡನ್ನಿನ ಸಾಮಾನ್ಯ ನೀರಿಗೆ ಬೆರೆಸಿ, ಸೋಸಿ, ಬೆಣಚುಕಲ್ಲು ಮತ್ತು ಕಡಲಕಳೆಗಳನ್ನು ಇಟ್ಟು ಕೆಲವು ದಿನ ಬಿಟ್ಟ. ಆಮೇಲೆ ಪ್ರಾಣಿಗಳನ್ನು ಬಿಟ್ಟ. ಅವು ಬದುಕಿದವು! ಇಂದು ಅಂಗಡಿಯಲ್ಲಿ ಸಿಗುವ ಕಡಲುಪ್ಪಿನ ಮಿಶ್ರಣಗಳು ಈ ಯೋಚನೆಯನ್ನೇ ಮುಂದುವರಿಸಿದವು. ಹವಳ ಗೂಡು ಕಟ್ಟಲು ಬೇಕಾದ ಕ್ಯಾಲ್ಸಿಯಂ ಮೊದಲಾದವುಗಳನ್ನು ಅವುಗಳಲ್ಲಿ ಸೇರಿಸಿರುತ್ತಾರೆ.

ಈಗ ನೀವೊಂದು ಕೆಲಸ ಮಾಡಿ. ಒಂದು ಲೀಟರ್ ನೀರಿಗೆ 35 ಗ್ರಾಂ, ಅಂದರೆ ಸುಮಾರು ಆರು ಚಹಾ ಚಮಚ ಅಡುಗೆ ಉಪ್ಪು ಹಾಕಿ ಕರಗಿಸಿ. ಕಡಲ ನೀರಿನಲ್ಲಿ ಇರುವುದೂ ಹೆಚ್ಚುಕಡಿಮೆ ಇಷ್ಟೇ ಲವಣ. ಬಣ್ಣ ಬಳಿದ ಗಿಡ್ಡ ಪೆನ್ಸಿಲ್ ಒಂದರ ತಳಕ್ಕೆ ತೆಳು ತಂತಿ ಸುತ್ತಿ, ಎತ್ತರದ ಲೋಟದಲ್ಲಿ ಆ ನೀರಿನ ಮೇಲೆ ನೆಟ್ಟಗೆ ತೇಲುವಂತೆ ಮಾಡಿ. ನೀರು ಮುಟ್ಟಿದ ಕಡೆ ಪೆನ್ಸಿಲ್ ಮೇಲೆ ಗೆರೆ ಎಳೆಯಿರಿ. ನೀರನ್ನೆಲ್ಲ ಅಗಲವಾದ ತಟ್ಟೆಗೋ ಪರಾತಕ್ಕೋ ಸುರಿದು, ನೀರಿನ ಮಟ್ಟಕ್ಕೆ ಅಲ್ಲೂ ಒಂದು ಗುರುತು ಮಾಡಿ, ಬಿಸಿಲಿಗಿಟ್ಟು ಬನ್ನಿ. ಮುಂದಿನದನ್ನು ಕೊನೆಯಲ್ಲಿ ಹೇಳುತ್ತೇನೆ.

ಬರಿದಾದ ಬಂಡೆಗಳು

ಗಾಸ್‌ನ ಪುಸ್ತಕಗಳು ಇಂಗ್ಲೆಂಡಿನಲ್ಲಿ ಒಂದು ಹುಚ್ಚನ್ನೇ ಎಬ್ಬಿಸಿದವು. ಅನುಕೂಲಸ್ಥರ ಮನೆಯಲ್ಲೆಲ್ಲ ಗಾಜಿನ ತೊಟ್ಟಿ. ಲಂಡನ್ನಿನಲ್ಲಿ ತೊಟ್ಟಿ, ಕಡಲ ನೀರು, ಅನಿಮೋನ್ ಮಾರುವ ಅಂಗಡಿಯನ್ನೇ ಅಲ್‌ಫರ್ಡ್ ಲಾಯ್ಡ್ ಎಂಬಾತ ತೆರೆದ. ಗಾಸ್ ತೀರದಲ್ಲೇ ಪಾಠ ಹೇಳುವ ತರಗತಿಗಳನ್ನೂ ನಡೆಸಿದ. 1856ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನಾಗಿ ಆರಿಸಿತು. ಕಾಲೇಜಿನ ಮುಖ ಕಾಣದ ಗುಮಾಸ್ತನಿಗೆ ಇದು ಸಣ್ಣ ಗೌರವವಲ್ಲ.

ಆದರೆ 1857 ಅವನ ಪಾಲಿಗೆ ಕೆಟ್ಟ ವರ್ಷ. ಫೆಬ್ರುವರಿಯಲ್ಲಿ ಎಮಿಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ವರ್ಷ ಭೂಮಿಯ ವಯಸ್ಸಿನ ಬಗ್ಗೆ ಅವನು ಒಂದು ಪುಸ್ತಕ ಬರೆದ. ಭೂಮಿ ಬಹಳ ಹಳೆಯದೆಂದು ಬಂಡೆಗಳು ಹೇಳುತ್ತಿದ್ದರೂ ಆ ಸಾಕ್ಷ್ಯವನ್ನು ಒಪ್ಪದೆ, ತನ್ನ ನಂಬಿಕೆಗೆ ತಕ್ಕಂತೆ ವಾದ ಹೂಡಿದ್ದ. ವಿಜ್ಞಾನಿಗಳೂ ಒಪ್ಪಲಿಲ್ಲ, ಅವನಂತೆಯೇ ನಂಬಿದವರೂ ಒಪ್ಪಲಿಲ್ಲ. ಒಂದು ಅನಿಮೋನಿನ ಎಸಳನ್ನು ಎಣಿಸುವಾಗ ತಪ್ಪದ ಕಣ್ಣು ಇಲ್ಲಿ ತಪ್ಪಿತ್ತು.

ಮನನೊಂದು, ಎಂಟು ವರ್ಷದ ಮಗನನ್ನು ಕರೆದುಕೊಂಡು ಲಂಡನ್ ಬಿಟ್ಟು ಡೆವನ್‌ನ ಸೇಂಟ್ ಮೇರಿಚರ್ಚ್ ಎಂಬ ಊರಿಗೆ ಬಂದು ನೆಲೆಸಿದ. ಅಲ್ಲಿಂದ ಬ್ರಿಟನ್ನಿನ ಎಲ್ಲ ಅನಿಮೋನ್ ಮತ್ತು ಹವಳಗಳ ದೊಡ್ಡ ಪುಸ್ತಕ ಶುರುವಾಯಿತು. ತಂದೆ ಮಗ ಇಬ್ಬರೂ ಇಳಿತದ ಹೊತ್ತಿಗೆ ತೀರಕ್ಕೆ ಹೋಗುವರು. ತಂದೆ ಎದೆಮಟ್ಟದ ನೀರಿಗಿಳಿದು ಬಂಡೆಯ ಅಡಿ ಹುಡುಕಿದರೆ, ಮಗ ಅಂಚಿನ ಗುಂಡಿಗಳಲ್ಲಿ ಹುಡುಕುವನು. 1859ರ ಜೂನ್ ತಿಂಗಳ ಒಂದು ದಿನ ಎಡ್ಮಂಡ್‌ನ ಕಣ್ಣಿಗೆ ಒಂದು ಪುಟ್ಟ ಅನಿಮೋನ್ ಬಿತ್ತು. ತಂದೆ ನೋಡಿದರೆ, ಅದು ಅದುವರೆಗೆ ಯಾರೂ ಗುರುತಿಸದ ಜಾತಿ! ಕಂಡುಹಿಡಿದವನಿಗೆ ಇನ್ನೂ ಹತ್ತು ತುಂಬಿರಲಿಲ್ಲ. ನಿಮ್ಮಲ್ಲಿ ಹಲವರಿಗಿಂತ ಚಿಕ್ಕವನು. ಅದು ತಂದೆಯ ಪುಸ್ತಕದಲ್ಲಿ ಸೇರಿತು.

ಆ ಹೊತ್ತಿಗೆ ತೀರದಲ್ಲಿ ಇವರಿಬ್ಬರೇ ಇರುತ್ತಿರಲಿಲ್ಲ. ಗಾಸ್‌ನ ಪುಸ್ತಕ ಓದಿದವರು ದಂಡು ದಂಡಾಗಿ ಬರತೊಡಗಿದ್ದರು. ಅವರ ಕೈಯಲ್ಲಿ ಬುಟ್ಟಿ, ಜಾಡಿ, ಮತ್ತು ಆಗ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಸುತ್ತಿಗೆ ಮತ್ತು ಉಳಿ. ಕಳೆಗಾಗಿ ಬಂಡೆ ಒಡೆದರು. ಅನಿಮೋನ್‌ಗಾಗಿ ಕಲ್ಲು ಮಗುಚಿದರು, ಮತ್ತೆ ಮೊದಲಿನಂತೆ ಇಡಲಿಲ್ಲ. ಒಯ್ದದ್ದರಲ್ಲಿ ಹೆಚ್ಚಿನವು ಮನೆ ಸೇರಿ ಸತ್ತವು. ಸತ್ತರೇನು, ಮುಂದಿನ ರಜೆಯಲ್ಲಿ ಮತ್ತೆ ತಂದರಾಯಿತು! ಕೆಲವೇ ವರ್ಷಗಳಲ್ಲಿ, ಉಬ್ಬರವಿಳಿತ ಸಾವಿರಾರು ವರ್ಷ ಕಾಪಾಡಿಕೊಂಡು ಬಂದಿದ್ದ ಗುಂಡಿಗಳು ಬೋಳಾದವು.

ಗಾಸ್‌ಗೆ ಇದು ಬಹಳ ನೋವು ಕೊಟ್ಟಿತು. ಜನ ಜೀವಿಗಳನ್ನು ಪ್ರೀತಿಸಲಿ ಎಂದು ಅವನು ಬರೆದಿದ್ದ. ಅದನ್ನು ಓದಿದವರೇ ಅವನ ಕಣ್ಣೆದುರು ಆ ಜೀವಿಗಳನ್ನು ಬರಿದು ಮಾಡಿದ್ದರು. ಅದನ್ನು ತಡೆಯುವ ಕಾನೂನಾಗಲಿ, ಕಾವಲಾಗಲಿ ಆಗ ಇರಲಿಲ್ಲ. ಎಡ್ಮಂಡ್ ದೊಡ್ಡವನಾಗಿ ಹೆಸರಾಂತ ಸಾಹಿತಿಯಾದ. 1907ರಲ್ಲಿ ತನ್ನ ಬಾಲ್ಯದ ಬಗ್ಗೆ ಬರೆದ ಪುಸ್ತಕದಲ್ಲಿ, ತಾನು ಹುಡುಗನಾಗಿದ್ದಾಗ ಕಂಡ ಆ ಗುಂಡಿಗಳನ್ನು ಇನ್ನು ಯಾರೂ ಕಾಣಲಾರರೆಂದು ಮರುಗಿದ್ದಾನೆ. ಅದಕ್ಕೆ ತನ್ನ ತಂದೆಯ ಪುಸ್ತಕಗಳೇ ಕಾರಣವಾದವೆಂಬುದನ್ನೂ ಮುಚ್ಚಿಡಲಿಲ್ಲ.

ತೊಟ್ಟಿಯ ಹುಚ್ಚು 1860ರ ದಶಕದಲ್ಲಿ ಇಳಿಯಿತು. ಗಾಸ್ ಆರ್ಕಿಡ್ ಗಿಡಗಳನ್ನು ಬೆಳೆಸಿದ, ಚಿಟ್ಟೆಗಳನ್ನು ಅಭ್ಯಾಸ ಮಾಡಿದ, ಹನಿ ನೀರಿನಲ್ಲಿ ಬದುಕುವ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳಿಗೆ ಮರಳಿದ. 76ನೆಯ ವಯಸ್ಸಿನಲ್ಲಿ, 1886ರಲ್ಲಿ, ಸಿ. ಟಿ. ಹಡ್ಸನ್ ಅವರೊಂದಿಗೆ ಸೇರಿ ಆ ಜೀವಿಗಳ ದೊಡ್ಡ ಗ್ರಂಥವನ್ನು ಹೊರತಂದ. 1888ರ ಆಗಸ್ಟ್ 23ರಂದು ಸೇಂಟ್ ಮೇರಿಚರ್ಚ್‌ನಲ್ಲೇ ತೀರಿಕೊಂಡ.

ನಮ್ಮ ದೇಶದಲ್ಲಿ ಜೀವಂತ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹುಲಿ, ಆನೆಗಳಿರುವ ಪಟ್ಟಿಯಲ್ಲೇ ಅವೂ ಇವೆ. ಉತ್ತರ ಕನ್ನಡದ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವನ್ನು ಮುರಿದು ತರುವುದು ಅಪರಾಧ. ನಿಮ್ಮೂರು ಕಡಲ ಹತ್ತಿರವಿದ್ದರೆ ದೊಡ್ಡವರೊಬ್ಬರನ್ನು ಕರೆದುಕೊಂಡು ಇಳಿತದ ಹೊತ್ತಿಗೆ ಹೋಗಿ ಬಂಡೆಗುಂಡಿಯ ಪಕ್ಕ ಕುಳಿತುಕೊಳ್ಳಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಿರಲಿ. ಹತ್ತು ನಿಮಿಷ ಅಲುಗಾಡಬೇಡಿ. ಅಡಗಿದ್ದವೆಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಕಲ್ಲು ಎತ್ತಿ ನೋಡಿದರೆ ಮತ್ತೆ ಹಾಗೆಯೇ ಇಡಿ.

ಬಿಸಿಲಿಗಿಟ್ಟ ತಟ್ಟೆ ಏನಾಯಿತು? ಮೂರು ನಾಲ್ಕು ದಿನದಲ್ಲಿ ನೀರು ಅರ್ಧದಷ್ಟು ಆರಿರಬಹುದು. ಉಳಿದದ್ದನ್ನು ಮತ್ತೆ ಆ ಎತ್ತರದ ಲೋಟಕ್ಕೆ ಸುರಿದು ಪೆನ್ಸಿಲ್ ಬಿಡಿ. ಗೆರೆ ಈಗ ನೀರಿಗಿಂತ ಒಂದೆರಡು ಮಿಲಿಮೀಟರ್ ಮೇಲಿರುತ್ತದೆ. ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿದೆ. ಹಾಗಾಗಿ ನೀರಿನ ಸಾಂದ್ರತೆ ಹೆಚ್ಚಿ ಪೆನ್ಸಿಲನ್ನು ಮೇಲಕ್ಕೆ ನೂಕಿದೆ. ಪುಟ್ಟ ತೊಟ್ಟಿಯ ಹವಳಕ್ಕೆ ಇದು ಪ್ರಾಣಸಂಕಟ. ಹಾಗೆಂದು ತೊಟ್ಟಿಯ ನೀರು ಇಳಿದಾಗ ಉಪ್ಪುನೀರು ಸುರಿದರೆ ಉಪ್ಪು ಇನ್ನೂ ಏರುತ್ತದೆ. ಈಗ ನೀವು ಲೋಟದ ನೀರನ್ನೆಲ್ಲ ತಟ್ಟೆಗೆ ಮರಳಿ ಸುರಿದು, ಮೊದಲಿನ ಗುರುತಿನವರೆಗೆ ಬರಿಯ ಸಿಹಿನೀರು ಸೇರಿಸಿ ಕಲಕಿ. ಮತ್ತೆ ಲೋಟಕ್ಕೆ ತುಂಬಿ ಪೆನ್ಸಿಲ್ ಬಿಡಿ. ನೀವು ಎಳೆದ ಗೆರೆ ನೀರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ.